‘ಇನ್ನೂ ಹತ್ತುತ್ತಾ ಇದ್ದೇನೆ’: ಈ ಅಮ್ಮನ ಮಾತನ್ನು ಕನ್ನಡಕ್ಕೆ ತರೋದು ಹೇಗೆ?

ಹಾಸನದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯಲ್ಲಿ ಫೇಲಾದ ನಮ್ಮ 17 ಮಕ್ಕಳು ಈಗ ಪರೀಕ್ಷೆ-2 ಬರೆಯಬೇಕು. ಅವರಿಗಾಗಿ ಬೆಳಿಗ್ಗೆ ಎರಡು ಗಂಟೆ ವಿಶೇಷ ತರಗತಿ ನಡೆಸುತ್ತಿದ್ದೇವೆ. ಮೊದಲ ದಿನ 17 ಮಂದಿಯೂ ಬಂದಿದ್ದರು. ಈಗ 11. ಒಬ್ಬ ಗ್ಯಾರೇಜಿಗೆ ಸೇರಿಕೊಂಡ. ಇಬ್ಬರು ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಾರೆ. ಉಳಿದವರು ಮನೆಯಲ್ಲೇ ಇದ್ದಾರೆ, ಆದರೆ ಬರುತ್ತಿಲ್ಲ.

ಈ ಮಕ್ಕಳಿಗೆ ಒಂದು ಕವಿತೆ ಓದಬೇಕು ಅಂತ ಆಸೆ. ಅಮೆರಿಕದ ಕಪ್ಪು ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದ ‘ಮದರ್ ಟು ಸನ್’. ‘ದಿ ಕ್ರೈಸಿಸ್’ ಪತ್ರಿಕೆಯಲ್ಲಿ 1922ರ ಡಿಸೆಂಬರ್‌ನಲ್ಲಿ ಬಂದದ್ದು. ಬರೀ 20 ಸಾಲು. ಒಬ್ಬ ತಾಯಿ ಮಗನಿಗೆ ಹೇಳುತ್ತಾಳೆ: ನನ್ನ ಬದುಕು ಹೊಳೆಯೋ ಸ್ಫಟಿಕದ ಮೆಟ್ಟಿಲಲ್ಲ. ಮೊಳೆ ಇತ್ತು, ಸಿಬಿರು ಇತ್ತು, ಹಲಗೆ ಕಿತ್ತುಹೋಗಿತ್ತು. ಆದರೂ ಹತ್ತುತ್ತಾ ಬಂದೆ. ನೀನೂ ಕೂರಬೇಡ, ಬೀಳಬೇಡ.

ನಾನು ಒಂದು ಅನುವಾದ ಮಾಡಿದೆ. ಮೊದಲ ಸಾಲು ಹೀಗಿತ್ತು: ‘ಬದುಕೆನಗೆ ಸ್ಫಟಿಕದ ಸೋಪಾನವಾಗಿರಲಿಲ್ಲ.’ ಮನೆಯವಳಿಗೆ ಓದಿ ಹೇಳಿದೆ. ‘ಇದು ಯಾರ ಅಮ್ಮ? ನಿಮ್ಮಮ್ಮ ಹೀಗೆ ಮಾತಾಡ್ತಿದ್ರಾ?’ ಅಂದಳು. ಅಷ್ಟಕ್ಕೆ ಕಾಗದ ಮಡಚಿ ಇಟ್ಟೆ.

ಈ ಅಮ್ಮ ಯಾವ ಕನ್ನಡ ಮಾತಾಡಬೇಕು? ಸೋಮವಾರ ತರಗತಿ ಇದೆ. ಸಹಾಯ ಮಾಡಿ.

ಮೈಸೂರಿನ ಓದುಗ

ಮೇಷ್ಟ್ರೇ, ಒಳ್ಳೆ ಕೆಲಸ ಹಿಡಿದಿದ್ದೀರಿ. ನನಗೆ ಅನ್ನಿಸೋದು, ಇದನ್ನೆಲ್ಲ ನಮ್ಮವರು ಎರಡೇ ಪದದಲ್ಲಿ ಹೇಳಿಬಿಟ್ಟಿದ್ದಾರೆ. ‘ತಾಳಿದವನು ಬಾಳಿಯಾನು.’ ಅನುವಾದಕ್ಕೆ ಅದನ್ನೇ ಬೆನ್ನೆಲುಬು ಮಾಡಿಕೊಳ್ಳಿ. ಮಕ್ಕಳಿಗೆ ಗೊತ್ತಿರೋ ಮಾತು, ಬೇಗ ಹಿಡಿಸುತ್ತದೆ. ಮೆಟ್ಟಿಲಿಗೆ ಚಾಮುಂಡಿ ಬೆಟ್ಟ ಇದೆಯಲ್ಲ. ನಮ್ಮ ತಾಯಿ ಆಷಾಢದಲ್ಲಿ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಬಗ್ಗಿ ಒಂದು ಬೊಟ್ಟು, ಎದ್ದು ಒಂದು ಹೆಜ್ಜೆ. ನಂದಿಯ ಹತ್ತಿರ ಬರೋ ಹೊತ್ತಿಗೆ ಸೊಂಟ ಹಿಡಿದುಕೊಳ್ಳುತ್ತಿದ್ದರು. ಆದರೆ ಕೂರುತ್ತಿರಲಿಲ್ಲ. ಕೂತರೆ ಏಳೋಕಾಗಲ್ಲ ಅನ್ನುತ್ತಿದ್ದರು.

ನ್ಯೂಜೆರ್ಸಿಯ ಕನ್ನಡತಿ

ಈ ಕವಿತೆಯ ಹಿನ್ನೆಲೆ ಸ್ವಲ್ಪ ಹೇಳುತ್ತೇನೆ. ಅದು ತಿಳಿದರೆ ಭಾಷೆ ಆರಿಸಿಕೊಳ್ಳೋದು ಸುಲಭ ಆಗಬಹುದು.

ಇದನ್ನು ಬರೆದಾಗ ಹ್ಯೂಸ್‌ಗೆ ಇನ್ನೂ 22 ತುಂಬಿರಲಿಲ್ಲ. ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿ, ಒಂದು ವರ್ಷಕ್ಕೇ ಓದು ಬಿಟ್ಟು ಹೊರಗೆ ಬಂದಿದ್ದ. ಅಂದರೆ ಮೇಷ್ಟ್ರೇ, ಇದು ವಯಸ್ಸಾದವರು ಚಿಕ್ಕವರಿಗೆ ಬುದ್ಧಿ ಹೇಳಲು ಬರೆದ ಕವಿತೆ ಅಲ್ಲ. ಕಾಲೇಜು ಬಿಟ್ಟ ಹುಡುಗನೊಬ್ಬ ಒಬ್ಬ ತಾಯಿಯ ದನಿ ಕೇಳಿಸಿಕೊಂಡು ಬರೆದದ್ದು. ನಿಮ್ಮ ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಈ ತಾಯಿ ಅವನ ಸ್ವಂತ ತಾಯಿ ಅಂತ ತುಂಬ ಜನ ಅಂದುಕೊಳ್ಳುತ್ತಾರೆ. ಅವನ ತಾಯಿ ಓದಿದವರು. ಅಪ್ಪ ಅಮ್ಮ ಬೇರೆಯಾಗಿ, ಅಪ್ಪ ಮೆಕ್ಸಿಕೋಗೆ ಹೋದರು, ಅಮ್ಮ ಕೆಲಸ ಹುಡುಕಿಕೊಂಡು ಊರೂರು ಅಲೆದರು. ಹುಡುಗ ಬೆಳೆದದ್ದು ಕ್ಯಾನ್ಸಸ್‌ನ ಲಾರೆನ್ಸ್ ಊರಿನಲ್ಲಿ, ಅಜ್ಜಿಯ ಹತ್ತಿರ. ಆ ಅಜ್ಜಿಯ ಮೊದಲ ಗಂಡ, ಗುಲಾಮಗಿರಿಯ ವಿರುದ್ಧ ಜಾನ್ ಬ್ರೌನ್ 1859ರಲ್ಲಿ ಹಾರ್ಪರ್ಸ್ ಫೆರಿಯಲ್ಲಿ ನಡೆಸಿದ ದಾಳಿಯಲ್ಲಿ ಪ್ರಾಣ ಕೊಟ್ಟವರು. ಕವಿತೆಯಲ್ಲಿ ಮಾತಾಡೋ ತಾಯಿ ಈ ಇಬ್ಬರೂ ಅಲ್ಲ. ಶಾಲೆಯ ಇಂಗ್ಲಿಷು ಅವಳದಲ್ಲ. ಹ್ಯೂಸ್ ಬೇಕಂತಲೇ ಅವಳ ಬಾಯಿಗೆ ಕಪ್ಪು ಜನರ ಆಡುಮಾತು ಕೊಟ್ಟಿದ್ದಾನೆ.

ಆ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ. ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟರು ರಂಗದ ಮೇಲೆ ಆ ಮಾತನ್ನು ಹಂಗಿಸಿ ಜನರನ್ನು ನಗಿಸುತ್ತಿದ್ದ ಕಾಲ. ಅದೇ 1922ರಲ್ಲಿ ಕಪ್ಪು ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ಒಂದು ಸಂಕಲನದ ಮುನ್ನುಡಿಯಲ್ಲಿ, ಆಡುಮಾತಿನ ಕಾವ್ಯದಿಂದ ನಗು ಮತ್ತು ಅಳು ಎರಡೇ ಹೊರಡುತ್ತವೆ ಅಂತ ಬರೆದರು. ಅದೇ ವರ್ಷದ ಕೊನೆಗೆ ಬಂದ ಈ ಕವಿತೆಯಲ್ಲಿ ತಾಯಿ ನಗಿಸೋದೂ ಇಲ್ಲ, ಅಳಿಸೋದೂ ಇಲ್ಲ. ನೇರ ನಿಂತು ಮಾತಾಡುತ್ತಾಳೆ. ಅವಳ ಮಾತನ್ನು ಗ್ರಾಂಥಿಕ ಕನ್ನಡಕ್ಕೆ ತಂದರೆ ಅವಳನ್ನೇ ಹೊರಗೆ ಕಳಿಸಿದ ಹಾಗೆ. ನಿಮ್ಮ ಮನೆಯವರು ಸರಿಯಾಗಿಯೇ ಹೇಳಿದ್ದಾರೆ.

ಶಿವಮೊಗ್ಗದ ಓದುಗಿ

ಮೈಸೂರಿನವರ ಮೇಲೆ ಕೋಪ ಇಲ್ಲ, ಆದರೆ ‘ತಾಳಿದವನು ಬಾಳಿಯಾನು’ ದಯವಿಟ್ಟು ಬೇಡ.

ಆ ಮಾತಿನಿಂದ ಏನಾಗುತ್ತದೆ ಅಂತ ನನಗೆ ಗೊತ್ತು. ಮದುವೆಯಾದ ಮೊದಲ ವರ್ಷ ತವರಿಗೆ ಫೋನು ಮಾಡಿದಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದು ಒಂದೇ. ‘ತಾಳ್ಕೋ ಮಗಳೇ, ಎಲ್ಲ ಸರಿಹೋಗತ್ತೆ.’ ಅವರದು ತಪ್ಪು ಅಂತಲ್ಲ. ಅವರಿಗೆ ಅವರಮ್ಮ ಹೇಳಿದ್ದೂ ಅದೇ. ‘ಅತ್ತೆಯ ಮನೆಯಲ್ಲಿ ಮುತ್ತಾಗಿ ಇರಬೇಕು’ ಅಂತ ಬೀಸುಕಲ್ಲಿನ ಮುಂದೆ ಹಾಡಿದ ಹೆಂಗಸರೂ ಎಷ್ಟು ನುಂಗಿಕೊಂಡು ಹಾಡಿದರೋ. ನಾನು ಆರು ವರ್ಷ ತಾಳಿದೆ. ಏನೂ ಸರಿಹೋಗಲಿಲ್ಲ. ಬಿ.ಎಡ್ ಮಾಡಿ, ಕೆಲಸ ಹಿಡಿದು, ಮಗುವನ್ನು ಎತ್ತಿಕೊಂಡು ಹೊರಗೆ ಬಂದ ಮೇಲೆ ಸರಿಹೋಯಿತು.

ಅದಕ್ಕೇ ಈ ಕವಿತೆ ನೋಡಿದಾಗ ನನಗೆ ಭಯ ಆಯಿತು. ಕಷ್ಟ ಸಹಿಸಿಕೋ ಅನ್ನೋ ಇನ್ನೊಂದು ಅಮ್ಮನ ಮಾತು ಮಕ್ಕಳಿಗೆ ಬೇಕಾ ಮೇಷ್ಟ್ರೇ?

ಹಾಸನದ ಮೇಷ್ಟ್ರು

ಮೇಡಂ, ನಿಮ್ಮ ಮಾತು ಓದಿ ಕವಿತೆಯನ್ನು ಮತ್ತೆ ತೆಗೆದು ನೋಡಿದೆ. ಪೆನ್ಸಿಲ್ ಹಿಡಿದು ಅವಳ ಕ್ರಿಯಾಪದಗಳನ್ನು ಮಾತ್ರ ಗುರುತು ಮಾಡಿದೆ. ಹತ್ತೋದು, ತಲುಪೋದು, ತಿರುಗೋದು, ಕತ್ತಲಲ್ಲಿ ಹೋಗೋದು. ಸಹಿಸಿಕೋ ಅನ್ನೋ ಪದ ಒಂದು ಕಡೆಯೂ ಇಲ್ಲ. ಎಲ್ಲವೂ ಕಾಲು ಎತ್ತಿ ಇಡೋ ಪದಗಳೇ.

ತಾಳೋದು ಅಂದರೆ ಇದ್ದ ಜಾಗದಲ್ಲೇ ಇರೋದು. ಹತ್ತೋದು ಅಂದರೆ ಆ ಜಾಗ ಬಿಡೋದು. ಇಷ್ಟು ದಿನ ನಾನೂ ಎರಡನ್ನೂ ಒಂದೇ ಅಂದುಕೊಂಡಿದ್ದೆ. ನೀವು ಆರು ವರ್ಷ ಮಾಡಿದ್ದು ಮೊದಲನೇದು. ಬಿ.ಎಡ್‌ಗೆ ಅರ್ಜಿ ಹಾಕಿದ ದಿನ ಶುರು ಮಾಡಿದ್ದು ಎರಡನೇದು. ಈ ತಾಯಿ ನಿಮಗೆ ಹೇಳುತ್ತಿದ್ದದ್ದೂ ಎರಡನೇದೇ ಅಂತ ನನ್ನ ನಂಬಿಕೆ.

ಶಿವಮೊಗ್ಗದ ಓದುಗಿ

ಹೌದು. ಅವಳು ‘ಕೂರಬೇಡ’ ಅನ್ನೋದನ್ನು ನಾನು ಗಮನಿಸಿರಲಿಲ್ಲ. ನಮ್ಮಮ್ಮ ಹೇಳುತ್ತಿದ್ದದ್ದು ‘ಸುಮ್ನೆ ಕೂತ್ಕೋ’ ಅಂತ. ಹಾಗಾದರೆ ಮಾಡಿ ಮೇಷ್ಟ್ರೇ. ಆದರೆ ‘ತಾಳು’ ಒಂದು ಕಡೆಯೂ ಬರದ ಹಾಗೆ ನೋಡಿಕೊಳ್ಳಿ.

ಧಾರವಾಡದ ಹಳೆ ಓದುಗ

ನಿವೃತ್ತ ಇಂಗ್ಲಿಷ್ ಉಪನ್ಯಾಸಕ ನಾನು. ಈ ಕವಿತೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಮೂರು ಮಾತು ಹೇಳಬೇಕು.

ಚಾಮುಂಡಿ ಬೆಟ್ಟದ ಮೆಟ್ಟಿಲು ಚೆನ್ನಾಗಿದೆ, ಆ ತಾಯಿಗೆ ನನ್ನ ನಮಸ್ಕಾರ. ಆದರೆ ಇಲ್ಲಿಗೆ ಹೊಂದೋದಿಲ್ಲ. ಬೆಟ್ಟದ ತುದಿಯಲ್ಲಿ ದೇವಿ ಇದ್ದಾಳೆ. ಹತ್ತಿದವರಿಗೆ ದರ್ಶನ ಸಿಗುತ್ತದೆ, ಪ್ರಸಾದ ಸಿಗುತ್ತದೆ, ಬಸ್ಸಿನಲ್ಲಿ ಇಳಿದು ಬರಬಹುದು. ಈ ತಾಯಿ ಮೇಲೆ ಏನಿದೆ ಅಂತ ಹೇಳೋದೇ ಇಲ್ಲ. ‘ಜೇಕಬ್‌ನ ಏಣಿ ಹತ್ತುತ್ತಿದ್ದೇವೆ’ ಅಂತ ಅವರ ಜನ ಗುಲಾಮಗಿರಿಯ ಕಾಲದಿಂದ ಹಾಡುತ್ತಿದ್ದರು. ಬೈಬಲಿನಲ್ಲಿ ಬರೋ ಆ ಏಣಿಯ ತುದಿಯಲ್ಲಿ ಸ್ವರ್ಗ ಇದೆ. ಆ ಹಾಡು ಇವಳ ಕಿವಿಯಲ್ಲಿ ಇದ್ದಿರಬೇಕು. ಆದರೂ ಸ್ವರ್ಗದ ಹೆಸರು ಎತ್ತೋದಿಲ್ಲ. ಅವಳ ಕಣ್ಣು ಮುಂದಿನ ಒಂದು ಮೆಟ್ಟಿಲ ಮೇಲೆ.

ಎರಡನೇದು, ನಡುವೆ ಒಂದೇ ಪದದ ಸಾಲು ಬರುತ್ತದೆ. ನೆಲಹಾಸಿಲ್ಲದ ಜಾಗಗಳೂ ಇದ್ದವು ಅಂದು, ಮುಂದಿನ ಸಾಲಿನಲ್ಲಿ ‘ಬೇರ್’ ಅನ್ನುತ್ತಾಳೆ. ಅಷ್ಟೇ. ಆ ಸಾಲಿನಲ್ಲೂ ನೆಲಹಾಸಿಲ್ಲ, ನೋಡಿ. ಇದಕ್ಕೆ ಕನ್ನಡ ಏನು? ‘ಬರಿದು’ ಅಂದರೆ ಖಾಲಿ ಪಾತ್ರೆ ನೆನಪಾಗುತ್ತದೆ. ‘ಬೋಳು’ ಅಂತ ವರ್ಷಗಟ್ಟಲೆ ಪಾಠ ಮಾಡಿದೆ. ಆಮೇಲೆ ಒಬ್ಬ ವಿದ್ಯಾರ್ಥಿನಿ, ‘ಸರ್, ನಮ್ಮ ಕಡೆ ಒಬ್ಬ ತಾಯಿ ಬೋಳು ಅಂದರೆ ಅವಳ ಹಣೆ ನೆನಪಾಗುತ್ತೆ’ ಅಂದಳು. ನಿಜ. ಕವಿತೆಯಲ್ಲಿ ಗಂಡನ ಸುದ್ದಿಯೇ ಇಲ್ಲ. ಆ ಒಂದು ಪದದಿಂದ ನಾನು ಅವಳನ್ನು ವಿಧವೆ ಮಾಡಿಬಿಟ್ಟಿದ್ದೆ.

ಮೂರನೇದು ಎಲ್ಲಕ್ಕಿಂತ ಸಣ್ಣದು. ಕವಿತೆ ಶುರುವಾಗೋದು ‘ವೆಲ್, ಸನ್’ ಅಂತ. ಯಾರೋ ಏನೋ ಕೇಳಿದ ಮೇಲೆ ಬರೋ ಮಾತು ಅದು. ಅಂದರೆ ಮಗ ಮೊದಲು ಏನೋ ಅಂದಿದ್ದಾನೆ. ಅದು ಕವಿತೆಯ ಹೊರಗೆ ಉಳಿದಿದೆ. ‘ಮಗನೇ’ ಅಂತ ಸೀದಾ ಶುರು ಮಾಡಿದರೆ ಭಾಷಣ ಆಗುತ್ತದೆ. ‘ನೋಡಪ್ಪಾ’ ಅಂದರೆ ಉತ್ತರ ಆಗುತ್ತದೆ.

ಮೈಸೂರಿನ ಓದುಗ

ಬೆಟ್ಟವನ್ನು ವಾಪಸ್ ತೆಗೆದುಕೊಂಡೆ, ಗಾದೆಯನ್ನೂ. ‘ನೋಡಪ್ಪಾ’ ಬಹಳ ಚೆನ್ನಾಗಿದೆ ಸರ್. ನಮ್ಮ ಕಡೆ ತಾಯಂದಿರು ಮಗನನ್ನು ಮುದ್ದಿನಿಂದ ಕರೆಯೋದೇ ‘ನನ್ನಪ್ಪ’ ಅಂತ. ಅವಳು ಕೊನೆಯಲ್ಲಿ ‘ಹನಿ’ ಅನ್ನುತ್ತಾಳಲ್ಲ, ಅದಕ್ಕೂ ‘ನನ್ನಪ್ಪಾ’ ಸಾಕು.

ನ್ಯೂಜೆರ್ಸಿಯ ಕನ್ನಡತಿ

‘ನನ್ನಪ್ಪಾ’ ಓದಿ ಕಣ್ಣು ತುಂಬಿತು. ನನ್ನ ಮಗನನ್ನು ಇಲ್ಲಿ ಬೇರೆ ಯಾರೂ ಹಾಗೆ ಕರೆಯೋದಿಲ್ಲ.

ಇನ್ನೊಂದು ವಿಷಯ. ಆ ಮೆಟ್ಟಿಲು ಬರೀ ರೂಪಕ ಅಲ್ಲ. ಸುಮಾರು 1910ರಿಂದ 1970ರವರೆಗೆ 60 ಲಕ್ಷದಷ್ಟು ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಬಂದರು. ಹತ್ತಿ ಹೊಲ ಬಿಟ್ಟು ಬಂದವರು ಬಾಡಿಗೆ ಮನೆಗಳ ಇಕ್ಕಟ್ಟಾದ ಮರದ ಮೆಟ್ಟಿಲು ಹತ್ತಿದರು. ದೀಪ ಇಲ್ಲ, ಹಲಗೆ ಅಲ್ಲಾಡುತ್ತೆ, ಮಾಲೀಕ ರಿಪೇರಿ ಮಾಡಿಸೋದಿಲ್ಲ. ಮನೆಗೆಲಸ ಮುಗಿಸಿ ರಾತ್ರಿ ಬರೋ ಹೆಂಗಸು ಗೋಡೆ ತಡಕಿಕೊಂಡು ಮೂರು ನಾಲ್ಕು ಮಹಡಿ ಹತ್ತಬೇಕು. ಅವಳು ಕೆಲಸ ಮಾಡೋ ಮನೆಯ ಮೆಟ್ಟಿಲು ಮಾತ್ರ ಥಳಥಳ. ಅದನ್ನು ಒರೆಸೋಳು ಇವಳೇ. ಸ್ಫಟಿಕ ಅಂದಾಗ ಅವಳ ಕಣ್ಣ ಮುಂದೆ ಇದ್ದದ್ದು ಅದೇ ಇರಬಹುದಾ ಅಂತ ನನಗೆ ಅನ್ನಿಸುತ್ತದೆ.

ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ, 135ನೇ ಬೀದಿಯಲ್ಲಿ, ಕಪ್ಪು ಜನರ ಚರಿತ್ರೆ, ಸಂಸ್ಕೃತಿಯ ಗ್ರಂಥಾಲಯವಾದ ಶಾಂಬರ್ಗ್ ಕೇಂದ್ರ ಇದೆ. ಅದರ ಒಳಗೆ ನೆಲದಲ್ಲಿ ಒಂದು ದೊಡ್ಡ ವೃತ್ತ ಬಿಡಿಸಿದ್ದಾರೆ. ಹ್ಯೂಸ್‌ನ ಚಿತಾಭಸ್ಮ ಇರೋದು ಅದರ ಕೆಳಗೆ. ನಾನು ಹೋದ ದಿನ ಶಾಲೆ ಮಕ್ಕಳು ಆ ವೃತ್ತದ ಸುತ್ತ ನಿಂತಿದ್ದರು. ಒಬ್ಬ ಹುಡುಗ ಮಂಡಿಯೂರಿ ನೆಲದ ಅಕ್ಷರಗಳ ಮೇಲೆ ಬೆರಳು ಆಡಿಸುತ್ತಿದ್ದ.

ಕೊಪ್ಪಳ ಕಡೆಯ ಇಂಜಿನಿಯರ್

ನಾನು ಇಲ್ಲಿ ಬರೀ ಓದುತ್ತಿದ್ದವನು, ಇದೇ ಮೊದಲ ಸಲ ಬರೆಯುತ್ತಿದ್ದೇನೆ. ಅಕ್ಕ ಹೇಳಿದ ಮೆಟ್ಟಿಲ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ನಮ್ಮ ಊರು ಕೊಪ್ಪಳ ಜಿಲ್ಲೆಯಲ್ಲಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅವ್ವ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದರು. ನನಗೆ ಆಗ ಏಳು ವರ್ಷ. ಕಟ್ಟುತ್ತಿರೋ ಕಟ್ಟಡದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದೆವು. ಅವ್ವ ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಆ ಮೆಟ್ಟಿಲಿಗೆ ಟೈಲ್ಸ್ ಇಲ್ಲ, ಕಟಕಟೆ ಇಲ್ಲ, ಪಕ್ಕದಲ್ಲಿ ಕಂಬಿ ಚಾಚಿಕೊಂಡಿರುತ್ತಿತ್ತು. ಸೆಂಟ್ರಿಂಗ್ ಬಿಚ್ಚಿದ ದಿನ ಹಲಗೆಗಳೆಲ್ಲ ಮೊಳೆ ಮೇಲಾಗಿ ಬಿದ್ದಿರುತ್ತಿದ್ದವು. ನಾನು ಅವ್ವನ ಹಿಂದೆ ಹೋಗುವಾಗ ಅವಳು ತಿರುಗಿ ನೋಡಲು ಆಗುತ್ತಿರಲಿಲ್ಲ, ತಲೆ ಮೇಲೆ ಭಾರ. ಮುಂದೆ ನೋಡುತ್ತಲೇ ಹೇಳುತ್ತಿದ್ದಳು. ‘ಮೊಳಿ ಐತಿ ನೋಡ್ಕೋ. ಇಲ್ಲಿ ಹಲಗಿ ಇಲ್ಲ, ದಾಟು.’

ಮೊಳೆ, ಸಿಬಿರು, ಕಿತ್ತ ಹಲಗೆ, ಬರೀ ನೆಲ. ಇಂಗ್ಲಿಷಿನಲ್ಲಿ ಈ ಕವಿತೆಯನ್ನು ಕಾಲೇಜಿನಲ್ಲಿ ಓದಿದ್ದೆ. ಪರೀಕ್ಷೆಗೆ ಇದೆಲ್ಲ ‘ಕಷ್ಟದ ಸಂಕೇತ’ ಅಂತ ಬರೆದು ಅಂಕ ತೆಗೆದುಕೊಂಡೆ. ನಮ್ಮವ್ವನ ಕಾಲಿನಲ್ಲಿ ಮೊಳೆ ಚುಚ್ಚಿದ ಗುರುತು ಇನ್ನೂ ಇದೆ. ಎರಡನ್ನೂ ಸೇರಿಸಿ ನೋಡಿರಲಿಲ್ಲ, ಇವತ್ತಿನ ತನಕ.

ಮೇಷ್ಟ್ರೇ, ಈ ಅಮ್ಮ ನಮ್ಮವ್ವನ ಮಾತು ಆಡಬಹುದಾ? ಕೊನೆಯ ಸಾಲನ್ನು ನಮ್ಮವ್ವ ಹೇಳೋದಾದರೆ ಹೀಗೆ: ‘ಇನ್ನೂ ಹೊಂಟೀನಿ ನನ್ನಪ್ಪಾ, ಇನ್ನೂ ಹತ್ತಾಕತ್ತೀನಿ.’

ಧಾರವಾಡದ ಹಳೆ ಓದುಗ

ತಮ್ಮಾ, ನಾನು ಮೂವತ್ತು ವರ್ಷ ಮಾಡಿದ ಪಾಠಕ್ಕಿಂತ ನೀನು ಬರೆದ ನಾಲ್ಕು ಸಾಲು ದೊಡ್ಡದು.

‘ಹತ್ತಾಕತ್ತೀನಿ’ ಬಿಡಬೇಡಿ ಮೇಷ್ಟ್ರೇ. ಈ ಕವಿತೆಯ ಪ್ರಾಣ ಅಲ್ಲಿದೆ. ಬುದ್ಧಿ ಹೇಳೋ ತಂದೆ ತಾಯಿ ಸಾಮಾನ್ಯವಾಗಿ ಮೇಲೆ ಹೋಗಿ ನಿಂತು ಕೆಳಗಿನ ಮಕ್ಕಳಿಗೆ ಹೇಳುತ್ತಾರೆ. ‘ನಾವೆಷ್ಟು ಕಷ್ಟಪಟ್ಟು ಮೇಲೆ ಬಂದೆವು ಗೊತ್ತಾ?’ ಇವಳು ಮೇಲೆ ಬಂದಿಲ್ಲ. ಮಗ ಇರೋ ಮೆಟ್ಟಿಲ ಸಾಲಿನಲ್ಲೇ, ನಾಲ್ಕು ಹೆಜ್ಜೆ ಮುಂದೆ ಇದ್ದಾಳೆ. ‘ಹತ್ತಿದೆ’ ಅಂದರೆ ಅವಳನ್ನು ತುದಿಗೆ ಕೂರಿಸಿದ ಹಾಗೆ. ‘ಹತ್ತುತ್ತಾ ಬಂದೆ’ ಅಂದರೂ ಮುಗಿದುಹೋಯಿತು. ‘ಬಂದೀನಿ’ ಅಂದರೆ ಬಾಗಿಲು ತೆರೆದೇ ಇರುತ್ತದೆ.

ಮೈಸೂರಿನ ಓದುಗ

ಒಂದು ಅನುಮಾನ. ಹಾಸನದ ಮಕ್ಕಳಿಗೆ ಕೊಪ್ಪಳದ ಮಾತು ಓದಿದರೆ ನಗೋದಿಲ್ವಾ? ಸಿನಿಮಾಗಳಲ್ಲಿ ಆ ಕಡೆ ಮಾತನ್ನು ನಗಿಸೋಕೇ ಜಾಸ್ತಿ ಬಳಸಿ ಅಭ್ಯಾಸ ಮಾಡಿಸಿಬಿಟ್ಟಿದ್ದಾರೆ.

ನ್ಯೂಜೆರ್ಸಿಯ ಕನ್ನಡತಿ

ನಗಬಹುದು. ಹ್ಯೂಸ್‌ನ ಮುಂದೆ ಇದ್ದದ್ದೂ ಇದೇ ಕಷ್ಟ ತಾನೇ? ಯಾವ ಮಾತನ್ನು ಜನ ನಗೋಕೆ ಇಟ್ಟುಕೊಂಡಿದ್ದರೋ ಅದರಲ್ಲೇ ಅವನು ಗಂಭೀರವಾಗಿ ಬರೆದ. ಕನ್ನಡದಲ್ಲೂ ಇದು ಆಗಿದೆ. ದೇವನೂರ ಮಹಾದೇವರು 1984ರಲ್ಲಿ ‘ಕುಸುಮಬಾಲೆ’ಯನ್ನು ನಂಜನಗೂಡು, ಚಾಮರಾಜನಗರ ಸೀಮೆಯ ಮಾತಿನಲ್ಲೇ ಬರೆದರು. ಮೊದಲು ಓದುವಾಗ ತಡವರಿಸಿದೆವು. ಆಮೇಲೆ ಕಿವಿ ಹೊಂದಿಕೊಂಡಿತು. ಮಕ್ಕಳ ಕಿವಿ ನಮ್ಮದಕ್ಕಿಂತ ಬೇಗ ಹೊಂದಿಕೊಳ್ಳುತ್ತದೆ.

ಕೊಪ್ಪಳ ಕಡೆಯ ಇಂಜಿನಿಯರ್

ನಿನ್ನೆ ರಾತ್ರಿ ಅವ್ವನಿಗೆ ಫೋನು ಮಾಡಿ ಅರ್ಥ ಹೇಳಿದೆ. ಅವಳು ಈಗ ಊರಲ್ಲೇ ಇದ್ದಾಳೆ, ಎರಡು ಎಮ್ಮೆ ಕಟ್ಟಿಕೊಂಡು. ಬಿಡು ಅಂದರೂ ಬಿಡೋದಿಲ್ಲ. ಅಮೆರಿಕದಲ್ಲಿ ಒಬ್ಬ ತಾಯಿ ಮಗನಿಗೆ ಹೀಗೆ ಹೇಳುತ್ತಾಳೆ ಅಂತ ಒಂದೊಂದೇ ಸಾಲು ಹೇಳಿದೆ. ಪೂರ್ತಿ ಕೇಳಿ, ‘ಮೆಟ್ಲ ಅಂದ್ರ ಯಾರಿಗೆ ತಿಳೀತೈತಿ? ಪಾವಟಗಿ ಅನ್ನು’ ಅಂದಳು. ಸ್ಫಟಿಕ ಅಂದರೇನು ಅಂತ ಕೇಳಿದಳು. ಥಳಥಳ ಹೊಳೆಯೋ ಕಲ್ಲು, ಗಾಜಿನ ಹಾಗೆ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾವು ಬಿಟ್ಟು ಬಂದ ಮ್ಯಾಲೆ ಆ ಬಿಲ್ಡಿಂಗಿನಾಗ ಹಾಕಿದ್ರಲ್ಲ, ಕನ್ನಡಿ ಹಂಗ. ಅಂಥಾದ್ದೇನು?’ ಅಂದಳು.

ಅಂಥಾದ್ದೇ ಅಂದೆ.

ಹಾಸನದ ಮೇಷ್ಟ್ರು

ತಮ್ಮಾ, ಸ್ಫಟಿಕ ತೆಗೆದುಬಿಟ್ಟೆ. ಈಗಿನ ಸಾಲು: ‘ನೋಡಪ್ಪಾ, ಹೇಳ್ತೀನಿ ಕೇಳು. ನನ್ನ ಬಾಳೇನು ಕನ್ನಡಿಯಂಥ ಪಾವಟಗಿ ಅಲ್ಲ.’ ‘ಬೇರ್’ಗೆ ‘ಬರೇ ನೆಲ’ ಇಟ್ಟೆ. ಆ ಒಂದು ಸಾಲು ಎರಡು ಪದ ಆಯಿತು, ಧಾರವಾಡದ ಗುರುಗಳು ಕ್ಷಮಿಸಬೇಕು. ಕೂರಬೇಡ ಅನ್ನೋದಕ್ಕೆ ‘ಕುಂತ್ಬಿಡಬ್ಯಾಡ’. ಕೂತುಬಿಟ್ಟ ಅಂದರೆ ಕೈಚೆಲ್ಲಿದ ಅನ್ನೋ ಅರ್ಥ ನಮ್ಮ ಮಾತಿನಲ್ಲಿ ಮೊದಲೇ ಇದೆ.

ಧಾರವಾಡದ ಹಳೆ ಓದುಗ

ಎರಡು ಪದಕ್ಕೆ ಕ್ಷಮೆ ಯಾಕೆ? ಚೆನ್ನಾಗಿದೆ. ತರಗತಿಯಲ್ಲಿ ಇದನ್ನೂ ಹೇಳಿ. 1967ರ ಅಕ್ಟೋಬರ್ 26ರಂದು ಮಾರ್ಟಿನ್ ಲೂಥರ್ ಕಿಂಗ್ ಫಿಲಡೆಲ್ಫಿಯಾದ ಬ್ಯಾರಟ್ ಜೂನಿಯರ್ ಹೈಸ್ಕೂಲಿನಲ್ಲಿ ನಿಮ್ಮ ಮಕ್ಕಳಷ್ಟೇ ವಯಸ್ಸಿನವರ ಮುಂದೆ ಮಾತಾಡಿದರು. ಹ್ಯೂಸ್ ತೀರಿಕೊಂಡು ಐದು ತಿಂಗಳಾಗಿತ್ತು. ಕಿಂಗ್ ಆ ಮಕ್ಕಳಿಗೆ ಈ ತಾಯಿಯ ಮಾತನ್ನೇ ನೆನಪಿಸಿ, ನಮ್ಮಲ್ಲಿ ಯಾರಿಗೂ ಬದುಕು ಸ್ಫಟಿಕದ ಮೆಟ್ಟಿಲಾಗಿಲ್ಲ, ಆದರೂ ಸಾಗುತ್ತಿರಬೇಕು ಅಂದರು.

ಹಾಸನದ ಮೇಷ್ಟ್ರು

ಇವತ್ತು ಓದಿದೆ. 12 ಮಕ್ಕಳಿದ್ದರು, ಶುಂಠಿ ಹೊಲಕ್ಕೆ ಹೋಗುತ್ತಿದ್ದವರಲ್ಲಿ ಒಬ್ಬ ಬಂದಿದ್ದ. ‘ಪಾವಟಗಿ’ ಅಂದಾಗ ಇಬ್ಬರು ನಕ್ಕರು. ಗಾರೆ ಕೆಲಸದ ಅವ್ವನ ಕಥೆ ಹೇಳಿ, ಇದು ಅವರ ಪದ ಅಂದೆ. ಎರಡನೇ ಸಲ ಓದಿದಾಗ ಯಾರೂ ನಗಲಿಲ್ಲ.

ಆಮೇಲೆ ಧಾರವಾಡದ ಗುರುಗಳು ಹೇಳಿದ್ದನ್ನೇ ಕೆಲಸ ಕೊಟ್ಟೆ. ಇವಳು ‘ನೋಡಪ್ಪಾ’ ಅನ್ನೋಕೆ ಮುಂಚೆ ಮಗ ಏನೋ ಅಂದಿದ್ದಾನೆ. ಏನಂದಿರಬಹುದು? ಒಂದು ಸಾಲು ಬರೆಯಿರಿ.

ಹೆಚ್ಚಿನವರು ಬರೆದದ್ದು ನಾವು ಊಹಿಸೋದೇ. ‘ನನ್ ಕೈಲಿ ಆಗಲ್ಲ.’ ‘ಗಣಿತ ತಲೆಗೆ ಹತ್ತಲ್ಲ.’ ‘ನಾನೂ ಕೆಲಸಕ್ಕೆ ಹೋಗ್ತೀನಿ.’ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೊನೆಗೆ ಚೀಟಿ ತಂದುಕೊಟ್ಟಳು. ಅವಳ ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೂವು ಕಟ್ಟಿ ಮಾರುತ್ತಾರೆ. ಚೀಟಿಯಲ್ಲಿ ಹೀಗಿತ್ತು:

‘ಅಮ್ಮಾ, ನೀನು ಯಾವತ್ತು ಮೇಲೆ ಹೋಗಿ ಕೂತ್ಕೋತೀಯಾ?’

ಅದನ್ನು ಬೋರ್ಡಿನ ಮೇಲೆ ಬರೆದು, ಅದರ ಕೆಳಗೆ ಕವಿತೆಯನ್ನು ಮೂರನೇ ಸಲ ಓದಿದೆ.